ಕುಶಾಲನಗರದಲ್ಲಿ ಕುಳಿತು ಕಲಿತ ಚೀನೀ: ಒಂದು ವಿಶ್ವವಿದ್ಯಾಲಯ ಕೋರ್ಸಿನ ವಿಮರ್ಶೆ

ಚೀನೀ ಭಾಷೆ, ಸಂಸ್ಕೃತಿ, ಸಮಾಜ ಮತ್ತು ವ್ಯವಹಾರ ಎಂಬ ನಾಲ್ಕು ಪತ್ರಿಕೆಗಳನ್ನು ಒಟ್ಟಿಗೆ ಕಲಿಸುವ, ವಿದೇಶದ ವಿಶ್ವವಿದ್ಯಾಲಯವೊಂದರ ಒಂದು ವರ್ಷದ ಆನ್‌ಲೈನ್ ಸರ್ಟಿಫಿಕೇಟ್ ಕೋರ್ಸನ್ನು ನಾನು ಇತ್ತೀಚೆಗೆ ಮುಗಿಸಿದೆ. ಕೊಡಗಿನಿಂದ ಇಂಥ ಕೋರ್ಸಿಗೆ ಸೇರಬೇಕೆಂದಿರುವವರಿಗೆ ನೆರವಾಗಲೆಂದು ಈ ವಿಮರ್ಶೆ ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರನ್ನು ಬೇಕೆಂದೇ ಕೈಬಿಟ್ಟಿದ್ದೇನೆ; ಈ ನಾಲ್ಕು ವಿಷಯಗಳನ್ನು ಜೋಡಿಸಿ ಕೊಡುವ ಕೋರ್ಸುಗಳು ಬೇರೆ ಬೇರೆ ದೇಶಗಳಲ್ಲಿವೆ, ಒಂದರ ಗುಣದೋಷ ತಿಳಿದರೆ ಮತ್ತೊಂದನ್ನು ಆರಿಸುವಾಗ ಏನೇನು ಕೇಳಬೇಕೆಂಬುದು ಗೊತ್ತಾಗುತ್ತದೆ.

ನನ್ನ ಕೆಲಸ ಕುಶಾಲನಗರದ ಕಡೆಯ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ರಫ್ತಿನ ಕಾಗದಪತ್ರ ನೋಡಿಕೊಳ್ಳುವುದು. ನಮ್ಮ ಕಾಫಿ ಬಹುಕಾಲದಿಂದ ಹೋಗುತ್ತಿರುವುದು ಇಟಲಿ, ಜರ್ಮನಿ, ರಷ್ಯಾ, ಬೆಲ್ಜಿಯಂ ಕಡೆಗೆ. ಆದರೆ ಕಳೆದ ಕೆಲವು ವರ್ಷಗಳಿಂದ ವ್ಯಾಪಾರಿಗಳ ಮಾತಿನಲ್ಲಿ ಚೀನಾದ ಹೆಸರು ಪದೇ ಪದೇ ಬರುತ್ತಿದೆ. ಚಹಾದ ನಾಡೆಂದೇ ನಾವು ತಿಳಿದಿದ್ದ ಆ ದೇಶದಲ್ಲಿ 2017ರಲ್ಲಿ ಶುರುವಾದ ಲಕಿನ್ ಕಾಫಿ ಎಂಬ ಕಂಪನಿ 2023ರ ಹೊತ್ತಿಗೆ ಅಲ್ಲಿನ ಮಳಿಗೆಗಳ ಸಂಖ್ಯೆಯಲ್ಲಿ ಸ್ಟಾರ್‌ಬಕ್ಸನ್ನೂ ಹಿಂದಿಕ್ಕಿತು. ಚೀನಾದ ಕಾಫಿಯೆಲ್ಲ ಬಹುತೇಕ ಯುನ್ನಾನ್ ಪ್ರಾಂತ್ಯದಲ್ಲಿ ಬೆಳೆಯುತ್ತದೆ. ಅಲ್ಲಿ ಬೆಳೆಯುವುದು ಹೆಚ್ಚಾಗಿ ಕ್ಯಾಟಿಮೋರ್ ಜಾತಿಯ ಅರೇಬಿಕಾ, ಅಂದರೆ ನಮ್ಮಲ್ಲಿ ‘ಕಾವೇರಿ’ ಎಂಬ ಹೆಸರಿನಲ್ಲಿ ಬಿಡುಗಡೆಯಾದ ತಳಿಯ ಬಂಧುವೇ. ರೊಬಸ್ಟಾ ಎಂಬ ಇನ್ನೊಂದು ಬಗೆಯ ಕಾಫಿ ಅಲ್ಲಿ ಬಹಳ ಕಡಿಮೆ. ಕೊಡಗಿನ ತೋಟಗಳಲ್ಲಿ ಅದೇ ಹೆಚ್ಚು. ಇಷ್ಟು ತಿಳಿದ ಮೇಲೆ ಆ ದೇಶದ ಮಾತನ್ನೂ ಜನರನ್ನೂ ಕ್ರಮವಾಗಿ ಅರಿಯಬೇಕೆನಿಸಿತು, ಕೋರ್ಸಿಗೆ ಸೇರಿದೆ.

ನಾಲ್ಕರಲ್ಲಿ ಭಾಷೆಯ ಪತ್ರಿಕೆಯೇ ಈ ಕೋರ್ಸಿನ ಜೀವಾಳ. ಕಟ್ಟಿದ ಶುಲ್ಕ ಆ ಒಂದು ಪತ್ರಿಕೆಯಿಂದಲೇ ಸಂದಿತು ಎಂದು ನಾನು ಹೇಳಬಲ್ಲೆ. ಕಲಿಸುವುದು ಪುತೊಂಗ್‌ಹುವಾ ಎಂಬ ಪ್ರಮಾಣ ಚೀನೀ, ನಾವೆಲ್ಲ ಮ್ಯಾಂಡರಿನ್ ಎನ್ನುವ ಭಾಷೆ. 1958ರಲ್ಲಿ ಚೀನಾ ಒಪ್ಪಿಕೊಂಡ ಪಿನ್‌ಯಿನ್ ಎಂಬ ರೋಮನ್ ಬರವಣಿಗೆಯ ಮೂಲಕ ಉಚ್ಚಾರಣೆ ಹೇಳಿಕೊಡುತ್ತಾರೆ. ಮೊದಲ ಕೆಲವು ವಾರ ಲಿಪಿಯ ಗೊಡವೆಯೇ ಇಲ್ಲ, ಬರೀ ಕಿವಿ ಮತ್ತು ನಾಲಿಗೆಯ ಅಭ್ಯಾಸ. ಎತ್ತರದಲ್ಲಿ ಸಮವಾಗಿ ನಿಲ್ಲುವುದು, ಏರುವುದು, ಇಳಿದು ತಗ್ಗುವುದು, ಥಟ್ಟನೆ ಬೀಳುವುದು ಎಂಬ, ಮಾತಿನ ಅರ್ಥವನ್ನೇ ಬದಲಿಸುವ ನಾಲ್ಕು ಸ್ವರಗತಿಗಳನ್ನು ಅಧ್ಯಾಪಕಿ ಕೈಯಿಂದ ಗಾಳಿಯಲ್ಲಿ ಗೆರೆ ಎಳೆಯುತ್ತ ಹೇಳುತ್ತಿದ್ದರು, ನಾವೂ ಕ್ಯಾಮೆರಾದ ಮುಂದೆ ಕೈ ಆಡಿಸುತ್ತಲೇ ಅನುಕರಿಸಬೇಕಿತ್ತು. ಮೂರನೆಯ ಗತಿಯ ಎರಡು ಅಕ್ಷರ ಒಟ್ಟಿಗೆ ಬಂದರೆ ಮೊದಲನೆಯದು ಎರಡನೆಯ ಗತಿಗೆ ತಿರುಗುತ್ತದೆ. ‘ನಿ ಹಾವ್’ ಎಂಬ ನಮಸ್ಕಾರದಲ್ಲೇ ಈ ನಿಯಮ ಎದುರಾಗುತ್ತದೆ, ಆದರೆ ಪುಸ್ತಕದಲ್ಲಿ ಹಾಕಿದ ಗತಿಯ ಗುರುತು ಮಾತ್ರ ಬದಲಾಗುವುದಿಲ್ಲ. ಓದಿ ಕಲಿಯುವವರು ಇಲ್ಲೇ ಎಡವುತ್ತಾರೆ. ಕೇಳಿ ಕಲಿತವರಿಗೆ ಇದು ತೊಡಕೆನಿಸುವುದೇ ಇಲ್ಲ. ಪಾಠದ ಕ್ರಮವನ್ನು ಹೀಗಿಟ್ಟವರಿಗೆ ಕೆಲಸ ಗೊತ್ತಿದೆ.

ಕನ್ನಡ ಬಲ್ಲವರಿಗೆ ಈ ಪತ್ರಿಕೆಯಲ್ಲಿ ದೊಡ್ಡ ಅನುಕೂಲವೊಂದಿದೆ. ಕೋರ್ಸಿನ ಪುಸ್ತಕ ಅದನ್ನು ಎಲ್ಲಿಯೂ ಹೇಳುವುದಿಲ್ಲ, ಯಾಕೆಂದರೆ ಅದು ಇಂಗ್ಲಿಷ್ ಮಾತಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಪುಸ್ತಕ. ಪಿನ್‌ಯಿನ್‌ನಲ್ಲಿ ರೋಮನ್ ‘ಬಿ’ ಅಕ್ಷರದಿಂದ ಬರೆಯುವ ಧ್ವನಿ ನಮ್ಮ ‘ಬ’ ಅಲ್ಲ, ‘ಪ’. ‘ಪಿ’ ಅಕ್ಷರದಿಂದ ಬರೆಯುವುದು ಉಸಿರು ತುಂಬಿದ ಮಹಾಪ್ರಾಣ ‘ಫ’. ಹಾಗೆಯೇ ‘ಡಿ’ ಮತ್ತು ‘ಟಿ’ ನಮ್ಮ ‘ತ’ ಮತ್ತು ‘ಥ’ಗಳಿಗೆ, ‘ಜಿ’ ಮತ್ತು ‘ಕೆ’ ನಮ್ಮ ‘ಕ’ ಮತ್ತು ‘ಖ’ಗಳಿಗೆ ಹತ್ತಿರ. ಇಡೀ ವ್ಯವಸ್ಥೆ ನಿಂತಿರುವುದು ಅಲ್ಪಪ್ರಾಣ, ಮಹಾಪ್ರಾಣಗಳ ಭೇದದ ಮೇಲೆ. ಅಧ್ಯಾಪಕಿ ಒಂದು ಕಾಗದದ ಚೂರನ್ನು ತುಟಿಯ ಮುಂದೆ ಹಿಡಿದು ಮೊದಲ ಧ್ವನಿಗೆ ಅದು ಅಲುಗಬಾರದು, ಎರಡನೆಯದಕ್ಕೆ ಫಡಫಡಿಸಬೇಕು ಎಂದು ತೋರಿಸಿದಾಗ ಯುರೋಪಿನ ಸಹಪಾಠಿಗಳು ಆ ಒಂದು ಅಭ್ಯಾಸಕ್ಕೇ ಬಹಳ ಹೊತ್ತು ಹೆಣಗಿದರು. ಪ್ರಾಥಮಿಕ ಶಾಲೆಯಲ್ಲಿ ವರ್ಗೀಯ ವ್ಯಂಜನಗಳನ್ನು ಉಚ್ಚರಿಸಿ ಕಲಿತವರಿಗೆ ಅದು ಮೊದಲ ಪ್ರಯತ್ನಕ್ಕೇ ಒಲಿಯುತ್ತದೆ. ‘ಶ’ ಮತ್ತು ‘ಷ’ಗಳ ವ್ಯತ್ಯಾಸವೂ ಹಾಗೆಯೇ. ನಾವು ಮಾತಿನಲ್ಲಿ ಅದನ್ನು ಮರೆತಿದ್ದೇವೆ, ಚೀನೀ ಭಾಷೆಯಲ್ಲಿ ಅದು ಅರ್ಥವನ್ನೇ ಬದಲಿಸುತ್ತದೆ. ಆದ್ದರಿಂದ ಕನ್ನಡದ ವಿದ್ಯಾರ್ಥಿಗಳು ಇಂಗ್ಲಿಷ್ ವಿವರಣೆಯನ್ನು ಬದಿಗಿಟ್ಟು ಪಿನ್‌ಯಿನ್ ಕೋಷ್ಟಕದ ಪಕ್ಕದಲ್ಲಿ ಕನ್ನಡ ಅಕ್ಷರಗಳನ್ನು ಬರೆದುಕೊಳ್ಳುವುದು ಒಳ್ಳೆಯದು.

ಕೊಡವರ ಭಾಷೆಯಾದ ಕೊಡವ ತಕ್ಕ್ ಆಡುವವರಿಗೆ ಇನ್ನೂ ಒಂದು ಹೆಜ್ಜೆ ಮುಂದಿನ ಅನುಕೂಲವಿದೆ. ತುಟಿಯನ್ನು ದುಂಡಗೆ ಮಾಡದೆ ಬಾಯಿಯ ನಡುಭಾಗದಿಂದ ಹೊರಡುವ, ಕನ್ನಡ ಲಿಪಿಯಲ್ಲಿ ನೇರವಾಗಿ ಬರೆಯಲಾಗದ ಸ್ವರಗಳು ಆ ಭಾಷೆಯಲ್ಲಿವೆ. ಚೀನೀ ಭಾಷೆಯ ಕೆಲವು ಸ್ವರಗಳು ಅವುಗಳಿಗೆ ಬಹಳ ಹತ್ತಿರ. ನನ್ನ ಜೊತೆಗೆ ಕೋರ್ಸಿಗೆ ಸೇರಿದ್ದ ಗೋಣಿಕೊಪ್ಪಲಿನ ಸಹೋದ್ಯೋಗಿಯೊಬ್ಬರು ಮನೆಯಲ್ಲಿ ಕೊಡವ ತಕ್ಕ್ ಆಡುವವರು. ನಮ್ಮೆಲ್ಲರ ಬಾಯಲ್ಲಿ ‘ಇ’ ಅಥವಾ ‘ಎ’ ಆಗಿಬಿಡುತ್ತಿದ್ದ ಧ್ವನಿಗಳು ಅವರ ಬಾಯಲ್ಲಿ ಸಲೀಸಾಗಿ ಸರಿಯಾಗಿಯೇ ಹೊರಡುತ್ತಿದ್ದವು, ಅಧ್ಯಾಪಕಿ ಅವರನ್ನೇ ಮತ್ತೆ ಮತ್ತೆ ಹೇಳಿಸುತ್ತಿದ್ದರು.

ವ್ಯಾಕರಣದಲ್ಲೂ ಕನ್ನಡದವರು ಹೆದರಬೇಕಾದ್ದು ಕಡಿಮೆ. ಕರ್ತೃ, ಕ್ರಿಯೆ, ಕರ್ಮ ಎಂಬ ಪದಕ್ರಮ ನಮ್ಮದಕ್ಕಿಂತ ಬೇರೆ, ನಿಜ. ಆದರೆ ‘ನಿನ್ನೆ ಬಂದ ಲಾರಿ’, ‘ಅಪ್ಪ ನೆಟ್ಟ ಗಿಡ’ ಎಂಬಂತೆ ವಿಶೇಷಣದ ಮಾತೆಲ್ಲ ನಾಮಪದಕ್ಕೆ ಮೊದಲೇ ಬರುವುದು, ಕಾಲ ಮತ್ತು ಸ್ಥಳವನ್ನು ಕ್ರಿಯಾಪದಕ್ಕೆ ಮುಂಚೆ ಹೇಳುವುದು, ವಾಕ್ಯದ ಕೊನೆಗೆ ಒಂದು ಅಕ್ಷರ ಸೇರಿಸಿದರೆ ಅದು ಪ್ರಶ್ನೆಯಾಗುವುದು, ಇವೆಲ್ಲ ನಮಗೆ ಸಹಜ. ಕ್ರಿಯಾಪದಕ್ಕೆ ಲಿಂಗ, ವಚನ, ಪುರುಷಗಳ ಪ್ರತ್ಯಯವೇ ಇಲ್ಲ. ಕಷ್ಟವಾಗುವುದು ಎಣಿಕೆಯ ಪದಗಳು. ಕನ್ನಡದಲ್ಲಿ ‘ನಾಲ್ಕು ಮಂದಿ’ ಎನ್ನುವಾಗ ಮಾತ್ರ ಕಾಣುವ ಪದ್ಧತಿ ಅಲ್ಲಿ ಪುಸ್ತಕಕ್ಕೆ, ಚೀಲಕ್ಕೆ, ಲೋಟಕ್ಕೆ, ವಾಹನಕ್ಕೆ ಬೇರೆ ಬೇರೆಯಾಗಿ ಹಬ್ಬಿದೆ. ಅದನ್ನು ಬಾಯಿಪಾಠ ಮಾಡದೆ ಗತಿಯಿಲ್ಲ.

ಲಿಪಿಯ ಪಾಠ ನಿಧಾನವಾಗಿ, ಆದರೆ ಗಟ್ಟಿಯಾಗಿ ನಡೆಯುತ್ತದೆ. 1950ರ ದಶಕದಲ್ಲಿ ಚೀನಾ ಜಾರಿಗೆ ತಂದ ಸರಳ ಅಕ್ಷರಗಳನ್ನೇ ಕಲಿಸುತ್ತಾರೆ. ತೈವಾನ್ ಮತ್ತು ಹಾಂಗ್‌ಕಾಂಗ್‌ಗಳಲ್ಲಿ ಉಳಿದಿರುವ ಹಳೆಯ ರೂಪಗಳನ್ನು ಗುರುತು ಹಿಡಿಯುವಷ್ಟು ಮಾತ್ರ ತೋರಿಸುತ್ತಾರೆ. ಪ್ರತಿ ಅಕ್ಷರವನ್ನೂ ಚಿತ್ರದಂತೆ ಕಂಠಪಾಠ ಮಾಡಿಸುವ ಬದಲು ಅದರೊಳಗಿನ ಮೂಲ ಅಂಗಗಳನ್ನು ಮೊದಲು ಕಲಿಸಿದ್ದು ಸರಿಯಾದ ದಾರಿ. ಸಾಂಪ್ರದಾಯಿಕ ನಿಘಂಟುಗಳು ಇಂಥ 214 ಅಂಗಗಳ ಪ್ರಕಾರವೇ ಅಕ್ಷರಗಳನ್ನು ಜೋಡಿಸಿವೆ. ಎಡಬದಿಯಲ್ಲಿ ಮೇಲಿನಿಂದ ಕೆಳಗೆ ಮೂರು ಸಣ್ಣ ಗೀಟುಗಳಿದ್ದರೆ ಆ ಅಕ್ಷರಕ್ಕೆ ನೀರಿನ ಸಂಬಂಧವಿರುವ ಸಾಧ್ಯತೆ ಹೆಚ್ಚು. ನದಿ, ಸರೋವರ, ಸಮುದ್ರ, ತೊಳೆಯುವುದು, ಸಾರು, ಎಲ್ಲದರಲ್ಲೂ ಆ ಮೂರು ಗೀಟುಗಳಿವೆ. ಮರದ ಅಕ್ಷರವನ್ನು ಎರಡು ಸಲ ಅಕ್ಕಪಕ್ಕ ಬರೆದರೆ ತೋಪು, ಮೂರು ಸಲ ಪೇರಿಸಿ ಬರೆದರೆ ದಟ್ಟ ಕಾಡು. ಕಾಫಿ ಎಂದು ಬರೆಯುವ ಎರಡೂ ಅಕ್ಷರಗಳ ಎಡಬದಿಯಲ್ಲಿ ಬಾಯಿಯನ್ನು ಸೂಚಿಸುವ ಚಿಕ್ಕ ಚೌಕವಿದೆ. ಅದನ್ನು ಗುರುತಿಸಲು ಕಲಿತ ಮೇಲೆ ಚೀನಾದಿಂದ ಬಂದ ಯಾವುದೇ ಪೊಟ್ಟಣದ ಮೇಲಾಗಲಿ, ಅಂಗಡಿಯ ಫಲಕದ ಫೋಟೋದಲ್ಲಾಗಲಿ ಅದು ತಾನಾಗಿ ಕಣ್ಣಿಗೆ ಬೀಳುತ್ತದೆ. ಕೈಬರಹಕ್ಕೆ ಚೌಕುಳಿ ಪುಸ್ತಕ ಬೇಕು. ಅದನ್ನು ವಿದೇಶದಿಂದ ತರಿಸುವ ಅಗತ್ಯವಿಲ್ಲ, ಶಾಲಾಮಕ್ಕಳ ಗಣಿತದ ಚೌಕುಳಿ ಪುಸ್ತಕವೇ ಸಾಕು. ಅಕ್ಷರ ಹುಡುಕಲು ಮೊಬೈಲಿನ ಪ್ಲೆಕೊ ನಿಘಂಟು ಬಹಳ ಉಪಯುಕ್ತ, ಪರದೆಯ ಮೇಲೆ ಬೆರಳಿನಿಂದ ಗೀಚಿಯೂ ಅದರಲ್ಲಿ ಅಕ್ಷರ ಪತ್ತೆ ಮಾಡಬಹುದು.

ವರ್ಷದ ಕೊನೆಗೆ ತಲುಪುವ ಮಟ್ಟವೆಷ್ಟು ಎಂಬುದನ್ನು ಸೇರುವವರು ಮೊದಲೇ ತಿಳಿದಿರಬೇಕು. ಚೀನೀ ಭಾಷೆಯ ಅಂತರರಾಷ್ಟ್ರೀಯ ಪರೀಕ್ಷೆಯಾದ ಎಚ್‌ಎಸ್‌ಕೆಯ ಆರು ಹಂತಗಳ ಹಳೆಯ ವ್ಯವಸ್ಥೆಯಲ್ಲಿ ಮೊದಲ ಹಂತಕ್ಕೆ 150, ಎರಡನೆಯದಕ್ಕೆ 300, ಮೂರನೆಯದಕ್ಕೆ 600 ಪದ ಬೇಕಿತ್ತು. 2021ರಲ್ಲಿ ಪ್ರಕಟವಾದ ಹೊಸ ಮಾನದಂಡದಲ್ಲಿ ಒಂಬತ್ತು ಹಂತಗಳಾಗಿ, ಪದಗಳ ಅಪೇಕ್ಷೆಯೂ ಏರಿದೆ. ಶ್ರದ್ಧೆಯಿಂದ ಓದಿದವರು ವರ್ಷದ ಕೊನೆಗೆ ಹಳೆಯ ಎರಡನೆಯ ಹಂತವನ್ನು ದಾಟಿ ಮೂರನೆಯದರ ಹತ್ತಿರ ಬರುತ್ತಾರೆ. ಪರಿಚಯದ ಮಾತು, ಬೆಲೆ, ದಿನಾಂಕ, ಪ್ರಯಾಣ, ಸರಳ ಇ-ಮೇಲ್ ಇವಿಷ್ಟು ಸಾಧ್ಯ. ಕರಾರು ಪತ್ರ ಓದುವುದು ಸಾಧ್ಯವಿಲ್ಲ. ಕೋರ್ಸಿನ ಜಾಹೀರಾತಿನಲ್ಲಿ ‘ವ್ಯವಹಾರಕ್ಕೆ ಬೇಕಾದ ಚೀನೀ’ ಎಂಬ ಮಾತಿದೆ. ಈ ಮಟ್ಟಕ್ಕೆ ಆ ಮಾತು ಹೆಚ್ಚಾಯಿತು.

ಸಂಸ್ಕೃತಿಯ ಪತ್ರಿಕೆಯನ್ನು ನಾನು ಅಷ್ಟಾಗಿ ನಿರೀಕ್ಷೆಯಿಟ್ಟುಕೊಳ್ಳದೆ ಓದಲು ತೊಡಗಿದೆ, ಕೊನೆಗೆ ಅದೇ ಬಹಳ ಹಿಡಿಸಿತು. ಹಬ್ಬ, ಚಹಾ, ಚಿತ್ರಕಲೆಗಳ ಪರಿಚಯ ಎಲ್ಲೆಡೆ ಸಿಗುವಂಥದ್ದೇ. ಈ ಪತ್ರಿಕೆಯ ಬಲವಿರುವುದು ಮನೆತನ, ಹಿರಿಯರ ಆರಾಧನೆ ಮತ್ತು ವಂಶಾವಳಿಗಳ ಕುರಿತ ಪಾಠಗಳಲ್ಲಿ. ದಕ್ಷಿಣ ಚೀನಾದ ಹಳ್ಳಿಗಳಲ್ಲಿ ಒಂದೇ ಮನೆತನದವರು ಸೇರಿ ಕಟ್ಟಿಕೊಂಡ ಪಿತೃಗಳ ಮಂದಿರಗಳಿವೆ, ತಲೆಮಾರುಗಳ ಹೆಸರು ಬರೆದಿಟ್ಟ ವಂಶಪುಸ್ತಕಗಳಿವೆ. ಏಪ್ರಿಲ್ ಮೊದಲ ವಾರದ ಚಿಂಗ್‌ಮಿಂಗ್ ದಿನ ಕುಟುಂಬದವರೆಲ್ಲ ಸೇರಿ ಹಿರಿಯರ ಸಮಾಧಿ ಗುಡಿಸಿ ಎಡೆ ಇಡುತ್ತಾರೆ. ಮನೆತನದ ಹೆಸರು ಮೊದಲು, ವ್ಯಕ್ತಿಯ ಹೆಸರು ಆಮೇಲೆ. ಒಂದೇ ಮನೆತನದೊಳಗೆ ಮದುವೆ ಸಂಪ್ರದಾಯದಲ್ಲಿ ನಿಷಿದ್ಧವಾಗಿತ್ತು. ಐನ್‌ಮನೆ ಎಂಬ ಮನೆತನದ ಮೂಲಮನೆ, ಕೈಮಡ ಎಂಬ ಹಿರಿಯರ ಗುಡಿ, ಕಾರಣರಿಗೆ ಅಂದರೆ ಮೂಲಪುರುಷರಿಗೆ ಕೊಡುವ ಎಡೆ, ಒಕ್ಕದ ಅಂದರೆ ಮನೆತನದ ಹೆಸರನ್ನು ಮುಂದಿಟ್ಟು ಆಳಿನ ಹೆಸರು ಹೇಳುವ ರೂಢಿ, ಒಕ್ಕದೊಳಗೆ ಮದುವೆಯಿಲ್ಲವೆಂಬ ಕಟ್ಟಳೆ, ಇವುಗಳನ್ನು ಕಂಡು ಬೆಳೆದ ಕೊಡಗಿನವರಿಗೆ ಈ ಪಾಠಗಳು ಅಪರಿಚಿತವೆನಿಸುವುದಿಲ್ಲ. ಎರಡಕ್ಕೂ ನೇರ ನಂಟಿದೆ ಎಂದು ನಾನು ಹೇಳುತ್ತಿಲ್ಲ, ಅಂಥ ನಂಟಿಲ್ಲ. ಆದರೆ ಮನೆತನವನ್ನು ಮುಂದಿಟ್ಟು ಯೋಚಿಸುವ ಸಮಾಜದಲ್ಲಿ ಒಬ್ಬ ವ್ಯಕ್ತಿಯ ಹೊಣೆ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ನಮಗೆ ಬಿಡಿಸಿ ಹೇಳಬೇಕಾಗುವುದಿಲ್ಲ. ಈ ಪತ್ರಿಕೆಗೆ ಬರೆಯಬೇಕಾದ ಪ್ರಬಂಧಕ್ಕೆ ತಮ್ಮ ಊರಿನ ಒಂದು ಆಚರಣೆಯನ್ನು ಹೋಲಿಕೆಗೆ ತೆಗೆದುಕೊಳ್ಳಲು ಅವಕಾಶ ಕೊಡುತ್ತಾರೆ. ಕೊಡಗಿನ ವಿದ್ಯಾರ್ಥಿಗಳು ಆ ಅವಕಾಶವನ್ನು ಬಿಡಬಾರದು, ಬರೆದದ್ದನ್ನು ಅಧ್ಯಾಪಕರು ಗಮನವಿಟ್ಟು ಓದಿ ಟಿಪ್ಪಣಿ ಹಾಕಿ ಕಳಿಸುತ್ತಾರೆ.

ಸಮಾಜದ ಪತ್ರಿಕೆಯ ಬಗ್ಗೆ ನನಗೆ ಮೆಚ್ಚುಗೆಯೂ ಇದೆ, ದೂರೂ ಇದೆ. ಮೆಚ್ಚುಗೆ ಹುಕೋ ಎಂಬ ನೋಂದಣಿ ವ್ಯವಸ್ಥೆಯ ಪಾಠಕ್ಕೆ ಸಲ್ಲುತ್ತದೆ. 1958ರ ಕಾನೂನಿನಿಂದ ಪ್ರತಿಯೊಬ್ಬರನ್ನೂ ಕುಟುಂಬದ ಮೂಲ ಹಳ್ಳಿಗೋ ಪಟ್ಟಣಕ್ಕೋ ಸೇರಿಸಿದ ಈ ವ್ಯವಸ್ಥೆಯಿಂದಾಗಿ, ನಗರಕ್ಕೆ ದುಡಿಯಲು ಹೋದ ಕೋಟ್ಯಂತರ ಹಳ್ಳಿಗರು ಅಲ್ಲಿನ ಶಾಲೆ, ಆಸ್ಪತ್ರೆ, ಪಿಂಚಣಿಗಳ ಪೂರ್ಣ ಹಕ್ಕಿಲ್ಲದೆ ದಶಕಗಳ ಕಾಲ ಬದುಕಿದರು. ಮಕ್ಕಳನ್ನು ಅಜ್ಜ ಅಜ್ಜಿಯ ಬಳಿ ಬಿಟ್ಟು ವರ್ಷಕ್ಕೊಮ್ಮೆ ಚೀನೀ ಹೊಸ ವರ್ಷವಾದ ವಸಂತ ಹಬ್ಬಕ್ಕೆ ಊರಿಗೆ ಮರಳುವ ಆ ಕುಟುಂಬಗಳ ಕಥೆಯನ್ನು ಪಾಠ ಸಹಾನುಭೂತಿಯಿಂದ ಹೇಳುತ್ತದೆ. ಕೊಯ್ಲಿನ ಕಾಲದಲ್ಲಿ ನಮ್ಮ ತೋಟಗಳ ಕಾರ್ಮಿಕರ ಲೈನ್‌ಮನೆಗಳಿಗೆ ಅಸ್ಸಾಮಿನಿಂದ ಬರುವ ಕುಟುಂಬಗಳನ್ನು ನೋಡಿದವರಿಗೆ ಅದು ಕೂಡಲೇ ಮನಸ್ಸಿಗೆ ನಾಟುತ್ತದೆ. 1980ರಿಂದ 2015ರವರೆಗೆ ನಡೆದ ಒಂದೇ ಮಗುವಿನ ನೀತಿ, ಅದರ ಬಲವಂತಗಳು, ಈಗ ಮೂರು ಮಕ್ಕಳಿಗೆ ಅನುಮತಿ ಕೊಟ್ಟರೂ 2022ರಿಂದ ಇಳಿಯತೊಡಗಿದ ಜನಸಂಖ್ಯೆ, ಇವನ್ನೂ ಮುಚ್ಚುಮರೆಯಿಲ್ಲದೆ ವಿವರಿಸಿದ್ದಾರೆ.

ಆದರೆ ಕೆಲವು ವಿಷಯಗಳ ಬಳಿ ಬಂದಾಗ ಪತ್ರಿಕೆ ಮಾತನ್ನೇ ನಿಲ್ಲಿಸುತ್ತದೆ. ಚೀನಾದಲ್ಲಿ 56 ಜನಾಂಗಗಳನ್ನು ಅಧಿಕೃತವಾಗಿ ಗುರುತಿಸಲಾಗಿದೆ, ಅವರಲ್ಲಿ ಹಾನ್ ಜನಾಂಗದವರು ಶೇಕಡಾ 91ಕ್ಕೂ ಹೆಚ್ಚು ಎಂದು ಹೇಳಿ, ಉಳಿದವರ ಉಡುಗೆ ಮತ್ತು ನೃತ್ಯಗಳ ಚಿತ್ರಗಳನ್ನು ತೋರಿಸಿ ಆ ಅಧ್ಯಾಯ ಮುಗಿಯುತ್ತದೆ. ಚೀನಾದ ಆಳ್ವಿಕೆಯ ವಿರುದ್ಧ ದಂಗೆಯೆದ್ದ ಮೇಲೆ ದಲೈ ಲಾಮಾ ಮತ್ತು ಸಾವಿರಾರು ಟಿಬೆಟನ್ನರು ಭಾರತಕ್ಕೆ ಬಂದ 1959ರ ಘಟನೆಗಳ ಬಗ್ಗೆ ಒಂದು ಸಾಲೂ ಇಲ್ಲ. ಕುಶಾಲನಗರದಲ್ಲಿ ಕಾವೇರಿಯ ಸೇತುವೆ ದಾಟಿ ಕೊಪ್ಪದ ಮೂಲಕ ಸ್ವಲ್ಪ ಮುಂದೆ ಹೋದರೆ ಬೈಲಕುಪ್ಪೆ. ಆಗಿನ ಮೈಸೂರು ರಾಜ್ಯ ಕೊಟ್ಟ ಭೂಮಿಯಲ್ಲಿ 1960ರ ದಶಕದ ಆರಂಭದಿಂದ ನೆಲೆಸಿರುವ ಟಿಬೆಟನ್ನರು ನಮ್ಮ ಸಂತೆಗೆ ಬರುತ್ತಾರೆ, ನಮ್ಮ ಬಸ್ಸುಗಳಲ್ಲಿ ಓಡಾಡುತ್ತಾರೆ, ಅವರಲ್ಲಿ ಹಲವರು ಸೊಗಸಾಗಿ ಕನ್ನಡ ಮಾತಾಡುತ್ತಾರೆ. ಅವರ ಮುಖಗಳನ್ನು ದಿನವೂ ಕಾಣುವ ವಿದ್ಯಾರ್ಥಿಗೆ ಈ ಮೌನ ಬಹಳ ಭಾರವಾಗಿ ತೋರುತ್ತದೆ. ತರಗತಿಯಲ್ಲಿ ಕೇಳಿದಾಗ ಅಧ್ಯಾಪಕರು ಅದು ಪಠ್ಯಕ್ರಮದಲ್ಲಿಲ್ಲ ಎಂದು ಸೌಜನ್ಯದಿಂದಲೇ ಹೇಳಿ ಮುಂದೆ ಹೋದರು. ಚೀನಾದಲ್ಲೇ ಕುಳಿತು ಪಾಠ ಮಾಡುವವರಿಗೆ ಇಂಥ ಪ್ರಶ್ನೆಗೆ ಉತ್ತರಿಸುವುದು ಸುಲಭವಲ್ಲ ಎಂಬುದು ನನಗೆ ಅರ್ಥವಾಗುತ್ತದೆ, ಅವರ ಮೇಲೆ ನನಗೆ ಯಾವ ಬೇಸರವೂ ಇಲ್ಲ. ಆ ಅಧ್ಯಾಯಗಳಿಗೆ ಹೊರಗಿನ ವಿದ್ವಾಂಸರನ್ನು ನೇಮಿಸುವುದು ವಿಶ್ವವಿದ್ಯಾಲಯದ ಹೊಣೆಯಾಗಿತ್ತು. ಪೂರ್ಣ ಶುಲ್ಕ ಪಡೆದು ಅರ್ಧ ಸಮಾಜವನ್ನು ತೋರಿಸುವುದು ವಿಶ್ವವಿದ್ಯಾಲಯ ಎಂಬ ಹೆಸರಿಗೆ ಒಪ್ಪುವುದಿಲ್ಲ.

ಭಾರತದ ಪಾಲೂ ಈ ಪತ್ರಿಕೆಯಲ್ಲಿ ತೀರ ಕಡಿಮೆ. 1937ರಲ್ಲಿ ಶಾಂತಿನಿಕೇತನದಲ್ಲಿ ಚೀನೀ ಅಧ್ಯಯನದ ಕೇಂದ್ರವಾದ ಚೀನಾ ಭವನ ಶುರುವಾದದ್ದು, ಅದಕ್ಕಾಗಿ ಚೀನೀ ವಿದ್ವಾಂಸ ತಾನ್ ಯುನ್‌ಶಾನ್ ದುಡಿದದ್ದು ಎಲ್ಲಿಯೂ ಬರುವುದಿಲ್ಲ. ಕೊರಿಯಾ ಯುದ್ಧವನ್ನು ಎರಡು ಮಾತಿನಲ್ಲಿ ಮುಗಿಸಿದ್ದಾರೆ. ಆ ಯುದ್ಧದ ಕೊನೆಗೆ ತಾಯ್ನಾಡಿಗೆ ಮರಳಲು ಒಪ್ಪದ ಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ 1953ರಲ್ಲಿ ಅಧ್ಯಕ್ಷರಾಗಿದ್ದವರು ಮಡಿಕೇರಿಯ ಜನರಲ್ ಕೊಡಂದೇರ ತಿಮ್ಮಯ್ಯನವರು. ಆಯೋಗದ ಕಾವಲಿಗೆ ಬಂದ ಕೈದಿಗಳಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಚೀನೀ ಸೈನಿಕರು, ಅವರಲ್ಲಿ ಬಹುಪಾಲು ಮಂದಿ ಕೊನೆಗೆ ತೈವಾನಿಗೆ ಹೋದರು. ತಿಮ್ಮಯ್ಯನವರ ಮಡಿಕೇರಿಯ ‘ಸನ್ನಿ ಸೈಡ್’ ಮನೆ ಈಗ ಅವರ ಹೆಸರಿನ ವಸ್ತುಸಂಗ್ರಹಾಲಯ. ಈ ಕೋರ್ಸಿಗೆ ಸೇರುವ ನಮ್ಮ ಜಿಲ್ಲೆಯವರು ಒಮ್ಮೆ ಅಲ್ಲಿಗೆ ಹೋಗಿ ಬಂದು, ಇತಿಹಾಸದ ಪ್ರಬಂಧಕ್ಕೆ ಆ ವಿಷಯವನ್ನೇ ಆರಿಸಿಕೊಳ್ಳಲಿ.

ನಾನು ಮುಖ್ಯವಾಗಿ ಬಯಸಿ ಸೇರಿದ್ದ ವ್ಯವಹಾರದ ಪತ್ರಿಕೆ ನಾಲ್ಕರಲ್ಲಿ ದುರ್ಬಲವಾದದ್ದು. 1978ರ ಸುಧಾರಣೆಗಳು, 1980ರಲ್ಲಿ ಶೆನ್‌ಜೆನ್ ವಿಶೇಷ ಆರ್ಥಿಕ ವಲಯವಾದದ್ದು, 2001ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿದ್ದು, ಇವುಗಳ ನಿರೂಪಣೆ ಚೊಕ್ಕವಾಗಿದೆ. ಲಕಿನ್ ಕಾಫಿಯ ಪ್ರಕರಣವನ್ನು, 2020ರಲ್ಲಿ ಬೆಳಕಿಗೆ ಬಂದ ಲೆಕ್ಕಪತ್ರದ ವಂಚನೆ ಮತ್ತು ಆಮೇಲಿನ ಚೇತರಿಕೆ ಸಹಿತವಾಗಿ, ಬಹಳ ಚೆನ್ನಾಗಿ ಪಾಠ ಮಾಡಿದರು. ಅಲ್ಲಿಂದ ಮುಂದೆ ಪತ್ರಿಕೆ ಪರಿಚಯ, ಮುಖದಾಕ್ಷಿಣ್ಯ, ಔತಣಕೂಟದಲ್ಲಿ ಯಾರು ಎಲ್ಲಿ ಕೂರಬೇಕು ಎಂಬ ಶಿಷ್ಟಾಚಾರದ ಸುತ್ತಲೇ ಸುತ್ತುತ್ತದೆ. ಚೀನಾದಲ್ಲಿ ಕಾರ್ಖಾನೆ ತೆರೆಯುವ ಅಥವಾ ಅಲ್ಲಿಂದ ಸಾಮಾನು ತರಿಸುವ ದೊಡ್ಡ ಕಂಪನಿಯ ಅಧಿಕಾರಿಯೇ ಅದರ ಮುಂದಿರುವ ವಿದ್ಯಾರ್ಥಿ. ಅಲ್ಲಿಗೆ ಕಾಫಿಯನ್ನೋ ಕಾಳುಮೆಣಸನ್ನೋ ಕಳಿಸಬೇಕೆಂದಿರುವವನ ನೆನಪು ಪಠ್ಯ ಬರೆದವರಿಗೆ ಬಂದಂತಿಲ್ಲ.

ಒಂದು ಉದಾಹರಣೆ ಸಾಕು. 2022ರ ಜನವರಿ 1ರಿಂದ ಚೀನಾದ ಕಸ್ಟಮ್ಸ್ ಆಡಳಿತದ 248ನೇ ಆದೇಶ ಜಾರಿಗೆ ಬಂತು. ಅದರ ಪ್ರಕಾರ ಅಲ್ಲಿಗೆ ಆಹಾರ ಪದಾರ್ಥ ಕಳಿಸುವ ವಿದೇಶಿ ತಯಾರಿಕಾ ಘಟಕಗಳು ಅಲ್ಲಿ ನೋಂದಾಯಿಸಿಕೊಳ್ಳಬೇಕಾಯಿತು. ಹದಿನೆಂಟು ಬಗೆಯ ಪದಾರ್ಥಗಳಿಗೆ ಆಯಾ ದೇಶದ ಸರ್ಕಾರದ ಶಿಫಾರಸೂ ಬೇಕೆಂದು ಅದು ಹೇಳಿತು. ಆ ಹದಿನೆಂಟರಲ್ಲಿ ಹುರಿಯದ ಕಾಫಿ ಬೀಜವೂ ಇತ್ತು, ಸಾಂಬಾರ ಪದಾರ್ಥಗಳೂ ಇದ್ದವು. ಕೊಡಗಿನ ಕ್ಯೂರಿಂಗ್ ವರ್ಕ್ಸ್‌ಗಾಗಲಿ, ಮೆಣಸಿನ ವ್ಯಾಪಾರಿಗಾಗಲಿ ಚೀನಾದ ಬಾಗಿಲು ತೆರೆಯುವುದೇ ಈ ನೋಂದಣಿಯಿಂದ. ಇಡೀ ಪತ್ರಿಕೆಯಲ್ಲಿ ಇದರ ಪ್ರಸ್ತಾಪವಿಲ್ಲ. ಪೊಟ್ಟಣದ ಮೇಲೆ ಚೀನೀ ಭಾಷೆಯಲ್ಲಿ ಏನೇನು ಇರಬೇಕು, ತೇವಾಂಶದ ಮಿತಿಯನ್ನು ಕರಾರಿನಲ್ಲಿ ಹೇಗೆ ಬರೆಯಬೇಕು, ಸರಕು ಅಲ್ಲಿನ ಬಂದರಿನಲ್ಲಿ ತಡೆಹಿಡಿಯಲ್ಪಟ್ಟರೆ ಯಾರನ್ನು ಕೇಳಬೇಕು ಎಂಬ ಪ್ರಶ್ನೆಗಳಿಗೂ ಉತ್ತರ ಸಿಗುವುದಿಲ್ಲ.

ಈ ಪತ್ರಿಕೆಯಲ್ಲಿ ನನಗೆ ನಿಜವಾಗಿ ಕೆಲಸಕ್ಕೆ ಬಂದ ಒಂದು ಪಾಠವೆಂದರೆ ಕಂಪನಿಯ ಮೊಹರಿನದು. ಚೀನಾದಲ್ಲಿ ಕರಾರು ಪತ್ರದ ಮೇಲೆ ಸಹಿಗಿಂತ ಹೆಚ್ಚಿನ ತೂಕ ಕಂಪನಿಯ ಕೆಂಪು ದುಂಡು ಮೊಹರಿಗೆ. ಅಂಚಿನ ಸುತ್ತ ಕಂಪನಿಯ ನೋಂದಾಯಿತ ಚೀನೀ ಹೆಸರು, ನಡುವೆ ಐದು ಮೂಲೆಯ ನಕ್ಷತ್ರ. ಇಂಗ್ಲಿಷ್ ಹೆಸರಿಗೆ ಅಲ್ಲಿ ಕಾನೂನಿನ ಬೆಲೆಯಿಲ್ಲ. ಒಂದೇ ಇಂಗ್ಲಿಷ್ ಹೆಸರಿಟ್ಟುಕೊಂಡ ಬೇರೆ ಬೇರೆ ಕಂಪನಿಗಳಿರಬಹುದು. ಮೊಹರಿನ ಅಕ್ಷರಗಳನ್ನು ಕರಾರಿನ ಒಳಗಿನ ಹೆಸರಿನ ಜೊತೆ ಒಂದೊಂದಾಗಿ ತಾಳೆ ನೋಡಲು ಅಧ್ಯಾಪಕರು ಮಾದರಿ ಪತ್ರಗಳನ್ನು ಕೊಟ್ಟು ಅಭ್ಯಾಸ ಮಾಡಿಸಿದರು. ಅಂಥ ಒಂದು ಮಾದರಿಯಲ್ಲಿ ಒಂದೇ ಅಕ್ಷರ ಬೇರೆಯಿತ್ತು, ನಮ್ಮಲ್ಲಿ ಬಹಳ ಮಂದಿಗೆ ಅದು ಕಾಣಲೇ ಇಲ್ಲ. ಭಾಷೆಯ ಪತ್ರಿಕೆ ಮತ್ತು ವ್ಯವಹಾರದ ಪತ್ರಿಕೆ ಹೀಗೆ ಕೈಜೋಡಿಸಿದ ಪಾಠಗಳು ಇನ್ನಷ್ಟು ಇದ್ದಿದ್ದರೆ ಈ ವಿಮರ್ಶೆಯ ಧಾಟಿಯೇ ಬೇರೆಯಾಗುತ್ತಿತ್ತು. ಚೀನೀ ಮತ್ತು ಇಂಗ್ಲಿಷ್ ಎರಡರಲ್ಲೂ ಬರೆದ ಕರಾರಿನಲ್ಲಿ ಭಿನ್ನಾಭಿಪ್ರಾಯ ಬಂದರೆ ಯಾವ ಭಾಷೆಯ ಪ್ರತಿ ನಿಲ್ಲುತ್ತದೆ ಎಂಬುದನ್ನು ಮೊದಲೇ ಬರೆಸಿಕೊಳ್ಳಬೇಕು ಎಂಬ ಎಚ್ಚರಿಕೆಯೂ ಆ ಪಾಠದಲ್ಲೇ ಸಿಕ್ಕಿತು.

ಕೋರ್ಸಿನ ಆಡಳಿತದ ಬಗ್ಗೆ ಸ್ವಲ್ಪ ಹೇಳಬೇಕು. ನೇರ ತರಗತಿಗಳು ಭಾರತದ ಸಂಜೆಯ ಹೊತ್ತಿಗೆ ನಡೆಯುತ್ತವೆ, ಚೀನಾದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿರುವುದರಿಂದ ಅಲ್ಲಿಂದ ಪಾಠ ಮಾಡುವವರಿಗೆ ಅದು ತಡರಾತ್ರಿ, ಆದರೂ ಅವರು ಸಮಯ ತಪ್ಪಿಸಿದ್ದಿಲ್ಲ. ಹಾಜರಾತಿಯ ನಿಯಮ ಮಾತ್ರ ನಮ್ಮಂಥ ಊರುಗಳಿಗೆ ಕಠಿಣ. ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ಕರೆಂಟು ಹೋಗುವುದು, ಟವರಿನ ಡೀಸೆಲ್ ಮುಗಿದು ಸಿಗ್ನಲ್ ಸಾಯುವುದು ಕೊಡಗಿನಲ್ಲಿ ಯಾರಿಗೂ ಹೊಸದಲ್ಲ. ಧ್ವನಿಮುದ್ರಿತ ಪಾಠ ನೋಡಿದರೆ ಹಾಜರಾತಿ ಕೊಡಲಾಗದು ಎಂದು ಕಚೇರಿಯವರು ಉತ್ತರಿಸಿದರು. ಮನೆ ಒಳಊರಿನಲ್ಲಿರುವವರು ಮಳೆಗಾಲದಲ್ಲಿ ಶುರುವಾಗುವ ತಂಡಕ್ಕೆ ಸೇರದೆ ಜನವರಿಯ ತಂಡವಿದ್ದರೆ ಅದಕ್ಕೆ ಸೇರುವುದು ಮೇಲು, ಕೊಯ್ಲಿನ ಕೆಲಸವಿದ್ದರೂ ಸಂಜೆ ಕರೆಂಟಾದರೂ ಇರುತ್ತದೆ. ಇನ್ನೊಂದು ತೊಂದರೆ ವಿಚಾರಹೀನತೆಯಿಂದ ಆದದ್ದು. ವ್ಯವಹಾರದ ಪತ್ರಿಕೆಯ ಗುಂಪು ಚರ್ಚೆಗಳನ್ನು ವಿಚಾಟ್ ಎಂಬ ಚೀನೀ ಸಂದೇಶದ ಆ್ಯಪ್‌ನಲ್ಲಿ ಇಟ್ಟಿದ್ದರು. 2020ರ ಜೂನ್‌ನಲ್ಲಿ ಭಾರತ ಸರ್ಕಾರ ನಿರ್ಬಂಧಿಸಿದ 59 ಆ್ಯಪ್‌ಗಳಲ್ಲಿ ಅದೂ ಒಂದು. ಭಾರತದ ವಿದ್ಯಾರ್ಥಿಗಳೆಲ್ಲ ಸೇರಿ ಪತ್ರ ಬರೆದ ಮೇಲೆ ಚರ್ಚೆಯನ್ನು ಇ-ಮೇಲಿಗೆ ಬದಲಾಯಿಸಿದರು, ಅಷ್ಟರಲ್ಲಿ ಮೊದಲ ಅಸೈನ್‌ಮೆಂಟಿನ ಗಡುವು ಕಳೆದಿತ್ತು. ಅರ್ಜಿ ಹಾಕುವ ಮೊದಲೇ ಯಾವ ಆ್ಯಪ್ ಬಳಸುತ್ತೀರಿ ಎಂದು ಬರೆದು ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ.

ಶುಲ್ಕ ಕಟ್ಟುವ ಮುನ್ನ ಭಾಷೆ ತಮಗೆ ಒಗ್ಗುತ್ತದೆಯೇ ಎಂದು ನೋಡಬಯಸುವವರಿಗೆ ಪೀಕಿಂಗ್ ವಿಶ್ವವಿದ್ಯಾಲಯದ ಆರಂಭಿಕ ಚೀನೀ ಪಾಠಗಳು ಕೋರ್ಸೆರಾ ಎಂಬ ಆನ್‌ಲೈನ್ ಕಲಿಕೆಯ ತಾಣದಲ್ಲಿವೆ, ಚೀನಾದ ಇತಿಹಾಸಕ್ಕೆ ಹಾರ್ವರ್ಡ್ ವಿಶ್ವವಿದ್ಯಾಲಯದ ‘ಚೈನಾಎಕ್ಸ್’ ಸರಣಿ ಅಂಥದ್ದೇ ಇನ್ನೊಂದು ತಾಣವಾದ ಎಡೆಕ್ಸ್‌ನಲ್ಲಿ ಬಂದಿದೆ. ಸಮಾಜದ ಪತ್ರಿಕೆಯ ಕೊರತೆಯನ್ನು ತುಂಬಿಕೊಳ್ಳಲು ಎರಡನೆಯದು ನನಗೆ ಬಹಳ ನೆರವಾಯಿತು. ಪದವಿ ಮಟ್ಟದಲ್ಲೇ ಓದಬೇಕೆಂಬ ಮಕ್ಕಳಿದ್ದರೆ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ ಮತ್ತು ಶಾಂತಿನಿಕೇತನದ ವಿಶ್ವಭಾರತಿ ನಮ್ಮ ದೇಶದಲ್ಲೇ ಇವೆ, ವಿದೇಶದ ಸರ್ಟಿಫಿಕೇಟಿಗಿಂತ ಅಲ್ಲಿನ ಪದವಿ ಹೆಚ್ಚು ದೂರ ಬರುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಕರಡಿನಲ್ಲಿದ್ದ ಚೀನೀ ಭಾಷೆಯ ಹೆಸರು ಅಂತಿಮ ನೀತಿಯ ವಿದೇಶಿ ಭಾಷೆಗಳ ಉದಾಹರಣೆಗಳಲ್ಲಿ ಉಳಿಯಲಿಲ್ಲ. ಶಾಲೆಗಳಲ್ಲಿ ಇದು ಬೇಗ ಬರುವ ಸೂಚನೆಯಿಲ್ಲ. ನೆರೆಯ ದೇಶದೊಡನೆ ಗಡಿಯ ತಕರಾರಿದ್ದಷ್ಟೂ ಅದರ ಭಾಷೆ ಬಲ್ಲವರು ನಮ್ಮಲ್ಲಿ ಹೆಚ್ಚಾಗಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಕುಶಾಲನಗರದ ಪಕ್ಕದ ಚಿಕ್ಕಅಳುವಾರದ ವಿಶ್ವವಿದ್ಯಾಲಯದ ಆವರಣದಲ್ಲಿ ಸಂಜೆಯ ಹೊತ್ತು ಭಾಷೆಯ ಒಂದು ಪತ್ರಿಕೆಯಾದರೂ ಶುರುವಾದರೆ ತೋಟದವರ ಮಕ್ಕಳೂ ಹೋಮ್‌ಸ್ಟೇ ನಡೆಸುವವರೂ ಸೇರುತ್ತಾರೆ.

ಈ ಕೋರ್ಸನ್ನು ಯಾರು ತೆಗೆದುಕೊಳ್ಳಬಹುದು ಎಂದು ಕೇಳಿದರೆ, ಭಾಷೆಯನ್ನು ತಳಹದಿಯಿಂದ ಕಲಿಯಬೇಕೆಂಬ ಆಸೆಯಿದ್ದು ದಿನಕ್ಕೊಂದು ಗಂಟೆ ಬಿಡದೆ ಕೂರಬಲ್ಲ ಯಾರಿಗಾದರೂ ನಾನು ಧೈರ್ಯವಾಗಿ ಹೇಳುತ್ತೇನೆ. ರಫ್ತಿಗಾಗಿಯೇ ಸೇರುವವರು ವ್ಯವಹಾರದ ಪತ್ರಿಕೆಯನ್ನು ನಂಬಬೇಡಿ. ನೋಂದಣಿಯ ವಿಷಯಕ್ಕೆ ಕಾಫಿ ಮಂಡಳಿಯನ್ನೂ ಸಾಂಬಾರ ಮಂಡಳಿಯನ್ನೂ ವಿಚಾರಿಸಿ, ಕರಾರಿಗೆ ಚೀನೀ ಕಾನೂನು ಬಲ್ಲವರನ್ನು ಹಿಡಿಯಿರಿ. ಪತ್ರಿಕೆಗಳನ್ನು ಬಿಡಿಬಿಡಿಯಾಗಿ ತೆಗೆದುಕೊಳ್ಳಲು ಅವಕಾಶವಿರುವ ವಿಶ್ವವಿದ್ಯಾಲಯಗಳೂ ಇವೆ. ಅಂಥದ್ದು ಸಿಕ್ಕರೆ ಭಾಷೆ ಮತ್ತು ಸಂಸ್ಕೃತಿ ಎರಡನ್ನು ಮಾತ್ರ ಆರಿಸಿಕೊಂಡು, ಉಳಿದ ಹಣದಲ್ಲಿ ಎರಡನೆಯ ವರ್ಷದ ಭಾಷಾ ಪತ್ರಿಕೆಗೆ ಹೆಸರು ನೋಂದಾಯಿಸಿ. ನಾನು ಮುಂದಿನ ಜನವರಿಯ ತಂಡಕ್ಕೆ ಹಾಗೆಯೇ ಅರ್ಜಿ ಹಾಕಿದ್ದೇನೆ.